ವಜ್ರಬಾಹು–ರಣಭೈರವರ ರೊಟ್ಟಿಕಾಳಗ

ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಅದರ ಬೆನ್ನಿಗೆ ನೀರು ಸವರುತ್ತಿದ್ದ ನೀಲಾಂಬಿಕೆ, ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸಿದ್ದ ಮೊಬೈಲು ಟಿಂಗ್ ಎಂದದ್ದೇ ಕೈಯನ್ನು ಅಲ್ಲೇ ತಡೆದಳು.

ಆ ಟಿಂಕಾರವನ್ನು ಏನೆಂದು ಬಣ್ಣಿಸೋಣ! ಸ್ವಸ್ತಿ! ಓದುಗ ಮಹಾಜನರೇ, ಮನಸ್ಸನ್ನು ಒಂದೆಡೆ ನಿಲ್ಲಿಸಿ, ಚಾರ್ಜರನ್ನು ಪಕ್ಕದಲ್ಲಿಟ್ಟುಕೊಂಡು ಕೇಳಿರಿ. ಕಲಿಯುಗದಲ್ಲಿ, ಜಂಬೂದ್ವೀಪದಲ್ಲಿ, ಭರತವರ್ಷದಲ್ಲಿ, ಗದಗ ಪಟ್ಟಣದ ರೈಲ್ವೆ ಗೇಟಿನಾಚೆಯ ಅಡ್ಡರಸ್ತೆಯಲ್ಲಿ, ನಳದ ನೀರು ವಾರಕ್ಕೊಮ್ಮೆಯೂ ಇಂಟರ್ನೆಟ್ಟು ಮನಸ್ಸು ಬಂದಾಗಲೂ ಬರುವ ಆ ಪುಣ್ಯಕಾಲದಲ್ಲಿ, ಇಬ್ಬರು ಮಹಾವೀರರ ನಡುವೆ ಒಂದು ಘೋರ ಸಮರ ನಡೆಯಿತು. ಅದರ ಪಾಂಚಜನ್ಯ ಈ ಟಿಂಗ್. ಸೀಗಿಹುಡಿಯ ಪಾಕೀಟು, ಕೊತ್ತಂಬರಿ ಸೂಡು, ಸಿಲಿಂಡರಿನ ಚೀಟಿ, ಇವು ಸಾಕ್ಷಿ. ಕೇಳಿದವರ ಮೊಬೈಲಿನ ಬ್ಯಾಟರಿ ಬಹುಕಾಲ ಬಾಳಲಿ!

ಲೋಕದ ಕಣ್ಣಿಗೆ ನೀಲಾಂಬಿಕೆ ಯಾರು? ಜೆರಾಕ್ಸ್ ಅಂಗಡಿಯ ಶಿವಪುತ್ರಪ್ಪ ಹೂಗಾರರ ಹೆಂಡತಿ, ಗುರುಸಿದ್ಧವ್ವನ ಸೊಸೆ, ಐವತ್ತನ್ನು ದಾಟಿದ, ಮೊಣಕಾಲು ನೋವಿನ ಒಬ್ಬ ಹೆಂಗಸು. ಆದರೆ ಆ ಮೊಣಕಾಲೇ ಆಕೆಯ ಪಾಲಿಗೆ ವಿಧಿಯ ವಾಹನವಾಯಿತು. ಹಿಂದೊಮ್ಮೆ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಂಚ ಹಿಡಿದಾಗ ತಂಗಿಯ ಮಗಳು ಬಂದು, "ಹೊತ್ತು ಹೋಗ್ತದ ಆಡು ದೊಡ್ಡವ್ವಾ" ಎಂದು ಮೊಬೈಲಿಗೆ ಒಂದು ಆಟ ಹಾಕಿಕೊಟ್ಟಳು. ಆಟದ ಹೆಸರು ಚಕ್ರಕೋಟೆ. ಕೋಟೆ ಕಟ್ಟಬೇಕು, ಸೈನಿಕರಿಗೆ ಅನ್ನ ಹಾಕಬೇಕು, ಶತ್ರು ಬಂದಾಗ ಬಾಗಿಲು ಮುಚ್ಚಬೇಕು. ನೀಲಾಂಬಿಕೆಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಬಹಳ ವರ್ಷಗಳಿಂದ ಮಾಡುತ್ತ ಬಂದದ್ದೇ, ಇಲ್ಲಿ ಅಂಕ ಸಿಗುತ್ತಿತ್ತು ಅಷ್ಟೆ.

ಆಟದ ಹಿಂದೆ ಇನ್ನೊಂದು ರಾಜ್ಯವಿತ್ತು. ಅದು ಆಟಗಾರರು ತಾವೇ ಬರೆದು ತಾವೇ ತಿದ್ದಿಕೊಳ್ಳುವ ಮಾಹಿತಿಯ ಕಣಜ, ಚಕ್ರಕೋಟೆ ವಿಕಿ. ಯಾವ ಆಯುಧಕ್ಕೆ ಎಷ್ಟು ಬಲ, ಯಾವ ಬಾಗಿಲಿಗೆ ಯಾವ ಕೀಲಿ, ಎಲ್ಲಕ್ಕೂ ಅಲ್ಲಿ ಒಂದೊಂದು ಪುಟ, ಪ್ರತಿ ಪುಟಕ್ಕೂ ಒಂದು ಚಿತ್ರ. ಅಲ್ಲಿ ಎಲ್ಲರಿಗೂ ಇಟ್ಟುಕೊಂಡ ಹೆಸರುಗಳು. ನಿಜದ ಹೆಸರು ಯಾರೂ ಕೇಳುವುದಿಲ್ಲ, ಹೆಣ್ಣೋ ಗಂಡೋ ಎಂದೂ ಕೇಳುವುದಿಲ್ಲ, ಗಂಡೆಂದೇ ತಿಳಿಯುತ್ತಾರೆ. ರೊಟ್ಟಿ ಬಡಿದೂ ಬಡಿದೂ ಗಟ್ಟಿಯಾದ ತನ್ನ ತೋಳುಗಳನ್ನು ನೋಡಿಕೊಂಡು ನೀಲಾಂಬಿಕೆ ಅಂದು ಟೈಪು ಮಾಡಿದ ಹೆಸರು: ವಜ್ರಬಾಹು.

ವಜ್ರಬಾಹು ಕಾಲಿಡುವ ಮುನ್ನ ಆ ರಾಜ್ಯ ಅರಾಜಕವಾಗಿತ್ತು. ಚಿತ್ರಗಳ ಹೆಸರು 'ಫೋಟೋ', 'ಹೊಸ ಫೋಟೋ', 'ಹೊಸಾ ಹೊಸ ಫೋಟೋ ಇದೇ ಕೊನೆ' ಎಂದಿರುತ್ತಿದ್ದವು. ಒಂದೇ ಕತ್ತಿಯನ್ನು ಹತ್ತಾರು ಜನ ಹತ್ತಾರು ಸಲ ಏರಿಸಿದ್ದರು. ಕೋಟೆಯ ಚಿತ್ರದ ನೆತ್ತಿಯ ಮೇಲೆ ಏರಿಸಿದವನ ಮೊಬೈಲಿನ ಬ್ಯಾಟರಿಯ ಗುರುತು, ಅದರ ಪಕ್ಕದಲ್ಲಿ 'ಅಪ್ಪ: ಎಲ್ಲಿ ಸತ್ತಿ?' ಎಂಬ ಸಂದೇಶ. ಯಾರೋ ಪುಣ್ಯಾತ್ಮ ಗುಲಾಬಿ ಹೂವಿನ 'ಶುಭೋದಯ'ವನ್ನೂ ಮದ್ದುಗುಂಡುಗಳ ವಿಭಾಗಕ್ಕೆ ಸೇರಿಸಿದ್ದ. ಇದನ್ನೆಲ್ಲ ಕಂಡು, ಕಲಸುಮೇಲೋಗರವಾದ ಅಡುಗೆಮನೆಯ ಗೋಡೆಮಾಡ ನೋಡಿದಾಗ ಏಳುವ ಸಿಟ್ಟೇ ಎದ್ದು, ಸಕಲಚಿತ್ರಸಂರಕ್ಷಕನೂ ದುರ್ನಾಮಕಡತಸಂಹಾರಿಯೂ ಮಸುಕುಫೋಟೋಭಯಂಕರನೂ ಆದ ವಜ್ರಬಾಹು ಒಂದು ಮಧ್ಯಾಹ್ನ, ಅತ್ತೆ ಮಲಗಿದ ಹೊತ್ತಿನಲ್ಲಿ, ಚಿತ್ರನಿಯಮಗಳ ಸಂಹಿತೆಯನ್ನು ಬರೆದ. ಚಿತ್ರದ ಹೆಸರು ಚಿತ್ರದಲ್ಲಿರುವುದನ್ನೇ ಹೇಳಬೇಕು. ಇರುವುದನ್ನು ಇನ್ನೊಮ್ಮೆ ಏರಿಸಬಾರದು. ಸುತ್ತಲಿನ ಕಸವನ್ನು ಕತ್ತರಿಸಿಯೇ ಏರಿಸಬೇಕು. ಯಾವ ಪುಟದಲ್ಲೂ ಬಳಕೆಯಾಗದ ಚಿತ್ರ ಅನಾಥ, ಅನಾಥವನ್ನು ಅಳಿಸಲಾಗುವುದು. ಮತ್ತು ಏರಿಸುವ ಪ್ರತಿಯೊಬ್ಬರೂ 'ಕೃತಿಕಾರರು' ಎಂಬ ಖಾನೆಯಲ್ಲಿ ಚಿತ್ರದಲ್ಲಿರುವುದನ್ನು ನಿಜವಾಗಿ ಮಾಡಿದವರ ಹೆಸರನ್ನು ತುಂಬಬೇಕು. ಈ ಕಡೆಯ ನಿಯಮವನ್ನು ಏಕೆ ಸೇರಿಸಿದಳೆಂದು ಕೇಳಿದ್ದರೆ ನೀಲಾಂಬಿಕೆ ಹೇಳಲಾರದೆ ಹೋಗುತ್ತಿದ್ದಳು. ಬರೆಯುವಾಗ ಕೈ ತಾನೇ ಬರೆಯಿತು.

ಅಂದಿನಿಂದ ಅಲ್ಲಿ ಆಕೆ ಇಟ್ಟ ಹೆಸರು ನಿಲ್ಲುತ್ತಿತ್ತು. ಮನೆಯಲ್ಲಿ ಆಕೆ ಇಟ್ಟ ಜೀರಿಗೆ ಡಬ್ಬಿಯೂ ಇಟ್ಟಲ್ಲಿ ನಿಲ್ಲುತ್ತಿರಲಿಲ್ಲ.

ಈಗ ಟಿಂಗ್ ತಂದ ಸುದ್ದಿ ಇಷ್ಟು: ವಜ್ರಬಾಹು ಏರಿಸಿದ 'ರೊಟ್ಟಿ' ಎಂಬ ಚಿತ್ರದ ಹೆಸರನ್ನು ಅಲ್ಲಿನ ಹಳೆಯ ಪರಿಚಯದ ರಣಭೈರವ 'ಚಪಾತಿ' ಎಂದು ಬದಲಿಸಿದ್ದಾನೆ.

"ನೀಲವ್ವಾ, ಹೊತ್ತಾಕತ್ತೈತಿ ಬೇ!" ಎಂದು ಪಡಸಾಲೆಯಿಂದ ಗುರುಸಿದ್ಧವ್ವ ಕೂಗಿದಳು. ನಿಜ, ಹಂಚಿನ ಮೇಲೆ ರೊಟ್ಟಿ ಹೊತ್ತಿ ಕರ್ರಗಾಗಿತ್ತು. ಮುದುಕಿ ಗೋಡೆ ಹಿಡಿದು ಒಳಗೆ ಬಂದು ಸೊಸೆಯ ಮೊಬೈಲಿಗೆ ಮೂಗು ತಾಗಿಸಿ ನೋಡಿದಳು. ಕಣ್ಣಿನ ಪೊರೆ ತೆಗೆಸಿದ ಮೇಲೆ ಆಕೆಗೆ ಎಲ್ಲವನ್ನೂ ನೋಡುವ ಹುರುಪು.

"ಇದೇನಿದು, ಹಪ್ಪಳಾ?"

"ಅಲ್ಲ ಅತ್ತಿ."

"ಮತ್ತ ಜಾಗಟಿ? ಏ ಅಲ್ಲ ಬಿಡು, ಕುಳ್ಳಿದ್ದಂಗೈತಿ. ಕುಳ್ಳಿನ ಫೋಟೋ ಯಾಕ ನೋಡಾಕತ್ತೀ?"

"ರೊಟ್ಟಿ ಅತ್ತಿ ಅದು. ಡಾಕ್ಟರು ಇನ್ನೊಂದ ಸಲ ಕಣ್ಣ ತೋರಸಾಕ ಹೇಳ್ಯಾರ ಹೌದಿಲ್ಲೋ?"

"ಕಣ್ಣ ಛಲೋ ಅದಾವ. ನಿನ್ನ ರೊಟ್ಟಿ ಕರ್ರಗಾಗಿದ್ದು ನಾನ ನೋಡೀನಲ್ಲ" ಎಂದು ಮುದುಕಿ ತಿರುಗಿ ಹೋದಳು.

ಅನರ್ಥಕ್ಕೆಲ್ಲ ಮೂಲ ಆಟ ಮಾಡಿದವರ ಒಂದು ಎಡವಟ್ಟು. ಹೊಸ ಆವೃತ್ತಿಯಲ್ಲಿ ಅವರು ಒಂದು ಹೊಸ ವಸ್ತುವನ್ನು ತಂದರು. ದುಂಡಗೆ, ಕಂದಾಗಿ, ಅಂಗೈಯಗಲದ್ದು. ಒಲೆಯ ಪಕ್ಕ ಇಟ್ಟರೆ ಸೈನಿಕರ ಹಸಿವು ಬೇಗ ಇಳಿಯುತ್ತಿತ್ತು. ಆದರೆ ಕನ್ನಡದ ಅಕ್ಷರಗಳು ಕೆಟ್ಟು, ವಸ್ತುವಿನ ಹೆಸರಿದ್ದ ಜಾಗದಲ್ಲಿ ಖಾಲಿ ಚೌಕಗಳು ಮಾತ್ರ ಕಾಣುತ್ತಿದ್ದವು. ಹೆಸರಿಲ್ಲದ ವಸ್ತುವಿಗೆ ಹೆಸರಿಡುವುದು ವಿಕಿಯ ವೀರರ ಧರ್ಮ. ವಜ್ರಬಾಹು ಮೊದಲು ಕಂಡ, ರೊಟ್ಟಿ ಎಂದ. ಜಗತ್ತು ಒಪ್ಪಿತ್ತು. ರಣಭೈರವ ಒಪ್ಪಲಿಲ್ಲ.

ಆ ವಿಕಿಯಲ್ಲಿ ಒಂದು ವಾಡಿಕೆಯಿತ್ತು. ಕೋಟೆಯ ಆಟವಲ್ಲವೇ, ಚರ್ಚಾಪುಟದಲ್ಲಿ ಜಗಳವಾದರೆ ಎಲ್ಲರೂ ದೊಡ್ಡಾಟದ ಪಾತ್ರಧಾರಿಗಳಂತೆ ಮಾತಾಡಬೇಕು. ಸಾದಾ ಬೈಗುಳಕ್ಕೆ ಅಲ್ಲಿ ಮರ್ಯಾದೆಯಿಲ್ಲ. ನೀಲಾಂಬಿಕೆ ಕೈ ತೊಳೆದು ಪುಟ ತೆರೆದಾಗ ರಣಭೈರವ ಆಗಲೇ ರಂಗಕ್ಕೆ ಬಂದು ತೊಡೆ ತಟ್ಟಿ ನಿಂತಿದ್ದ.

"ಎಲವೋ ವಜ್ರಬಾಹುವೇ! ಏಳು ಸುತ್ತಿನ ಕೋಟೆಗಳನ್ನು ಅಂಗೈಯಲ್ಲಿ ಹಿಡಿದ ಈ ರಣಭೈರವನ ಮುಂದೆ ರೊಟ್ಟಿಯ ಮಾತೇ? ಅಂಚು ನೋಡು, ಅಂಚು! ಹುಣ್ಣಿಮೆಯ ಚಂದ್ರನಂತೆ ದುಂಡಗಿರುವ ಈ ದಿವ್ಯವಸ್ತು ಚಪಾತಿಯಲ್ಲದೆ ಮತ್ತೇನು? ಅಡುಗೆಮನೆಯ ಹೊಸ್ತಿಲು ದಾಟದ ನಿನ್ನಂಥ ಗಂಡಸಿಗೆ ಇದೆಲ್ಲ ಹೇಗೆ ತಿಳಿದೀತು? ನಾನಾದರೋ ಮನೆಯಲ್ಲಿ ಸ್ವತಃ ಹಿಟ್ಟು ನಾದುವವನು, ಸ್ವತಃ ಲಟ್ಟಿಸುವವನು, ಸ್ವತಃ ಬೇಯಿಸುವವನು!"

ನೀಲಾಂಬಿಕೆ ಕಡೆಯ ವಾಕ್ಯವನ್ನು ಎರಡು ಸಲ ಓದಿದಳು. ಇಂಥ ಗಂಡಸರೂ ಇರುತ್ತಾರಲ್ಲ ಎಂದು ಒಂದು ಗಳಿಗೆ ಆ ವೈರಿಯ ಹೆಂಡತಿಯ ಮೇಲೆ ಹೊಟ್ಟೆಕಿಚ್ಚಾಯಿತು. ಆಮೇಲೆ ಸೆರಗು ಬಿಗಿದು, ಒಂದೇ ಬೆರಳಿನಿಂದ ಟೈಪು ಮಾಡುತ್ತ ಉತ್ತರದ ಬಾಣ ಹೂಡಿದಳು.

"ಎಲೈ ರಣಭೈರವನೇ, ಹಿಟ್ಟನ್ನು ಲಟ್ಟಿಸು, ನಾಲಿಗೆಯನ್ನು ಲಟ್ಟಿಸಬೇಡ! ಈ ವಸ್ತುವಿನ ಮೈಯನ್ನು ದೊಡ್ಡದು ಮಾಡಿ ನೋಡು. ಅಲ್ಲಿರುವುದು ಬೆರಳಿನ ಗುರುತು. ಬೆರಳಿನ ಗುರುತು ಯಾವುದರ ಮೇಲೆ ಮೂಡುತ್ತದೆ? ಕೈಯಿಂದ ತಟ್ಟಿದ್ದರ ಮೇಲೆ. ಲಟ್ಟಣಿಗೆಗೆ ಬೆರಳುಂಟೇ? ಕೈಯಿಂದ ತಟ್ಟಿದ, ದುಂಡಗಿನ, ಒಲೆಯ ಪಕ್ಕದ ವಸ್ತು ರೊಟ್ಟಿಯಲ್ಲದೆ ಈ ಮೂರು ಲೋಕದಲ್ಲಿ ಇನ್ನೇನಿರಲು ಸಾಧ್ಯ? ಬಾಯಿ ಮುಚ್ಚು, ಇಲ್ಲವೇ ಸಾಕ್ಷಿ ತಾ!"

ನೋಡುವವರು ನೆರೆದರು. ರೊಟ್ಟಿಯ ಪಡೆ, ಚಪಾತಿಯ ಪಡೆ ಎಂದು ಎರಡಾದರು. ಮಂಗಳೂರು ಕಡೆಯ ಒಬ್ಬ ನೀರುದೋಸೆ ಎಂದು ಹೇಳಿ ಎರಡೂ ಕಡೆಯಿಂದ ಬೈಸಿಕೊಂಡು ಓಡಿದ. ಹೆಸರು ಬೆಳಗಿನಲ್ಲಿ ರೊಟ್ಟಿ, ಮಧ್ಯಾಹ್ನ ಚಪಾತಿ, ಸಂಜೆಗೆ ಮತ್ತೆ ರೊಟ್ಟಿ. ಕಡೆಗೆ ವಿಕಿಯ ಮುಖ್ಯ ನಿರ್ವಾಹಕಿ, ಮೈಸೂರಿನ ಕಾಲೇಜು ಹುಡುಗಿ, ತಂಬೂರಿ ಎಂಬ ಹೆಸರಿನವಳು, ದೊಡ್ಡಾಟದ ವಾಡಿಕೆಯನ್ನೂ ಬದಿಗಿಟ್ಟು ನಡುವೆ ಬಂದಳು.

"ಅಯ್ಯೋ ಸಾಕ್ ಮಾಡ್ರಪ್ಪ ಇಬ್ರೂ! ನನ್ ಫೋನು ಒಂದೇ ಸಮ ಬಡ್ಕೊಳ್ತಾ ಇದೆ, ಕ್ಲಾಸಲ್ಲಿ ಮೇಷ್ಟ್ರು ಆಚೆ ಕಳ್ಸಿದ್ರು. ಕೇಳಿ. ಪೇಜ್‌ಗೆ ಬೀಗ ಹಾಕಿದೀನಿ. ಭಾನುವಾರದೊಳಗೆ ಸಾಕ್ಷಿ ಕೊಡಿ. ಹೊರಗಿನ ಫೋಟೋ ಚರ್ಚಾಪುಟದಲ್ಲಿ ಮಾತ್ರ, ಕೃತಿಕಾರರ ಹೆಸರು ಕಡ್ಡಾಯ. ಹೇಗಿದ್ರೂ ಚಿತ್ರಗಳನ್ನ ನೋಡ್ಕೊಳ್ಳೋಕೆ ಒಬ್ರು ಬೇಕು ನಂಗೆ. ಗೆದ್ದೋರನ್ನ ಚಿತ್ರಪಾಲ ಮಾಡ್ತೀನಿ. ಅಳಿಸೋ ಅಧಿಕಾರ, ಹೆಸರಿಡೋ ಅಧಿಕಾರ ಎಲ್ಲ ಅವ್ರದೇ."

ಚಿತ್ರಪಾಲ! ಆ ಪದವನ್ನು ನೀಲಾಂಬಿಕೆ ಬಾಯಿಬಿಟ್ಟು ಮೂರು ಸಲ ಓದಿಕೊಂಡಳು. ನಗಬೇಡಿ. ಮನೆಯ ಹಕ್ಕುಪತ್ರ ಶಿವಪುತ್ರಪ್ಪನ ಹೆಸರಿನಲ್ಲಿ, ಗ್ಯಾಸು ಅವನ ಹೆಸರಿನಲ್ಲಿ, ಗೇಟಿನ ಮೇಲಿನ ಕಲ್ಲಿನಲ್ಲಿ ಅವನ ಅಪ್ಪನ ಹೆಸರು. ಮದುವೆಯ ಕರೆಯೋಲೆಯ ಲಕೋಟೆಯ ಮೇಲೆ ಆಕೆ 'ದಂಪತಿಗಳು' ಎಂಬ ಮಾತಿನ ಹಿಂದಿನ ಅರ್ಧ. ತಾನು ಬರೆದ ನಿಯಮವನ್ನು ತಾನೇ ಕಾಯುವ ಒಂದು ಪದವಿ, ಕೇಳಿದವರು 'ಯಾರ ಮನೆಯಾಕೆ' ಎಂದು ಕೇಳದ ಒಂದು ಜಾಗ, ಅದು ಆಕೆಗೆ ಬೇಕಾಗಿತ್ತು. ಬೇಕೆಂದರೆ, ಬಾಯಾರಿದಾಗ ನೀರು ಬೇಕಾದಂತೆ ಬೇಕಾಗಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ಶಿವಪುತ್ರಪ್ಪ ಎಂದಿನಂತೆ ಎಡಗೈಯಲ್ಲಿ ಮೊಬೈಲು ಹಿಡಿದು, ಬಲಗೈಯಲ್ಲಿ ರೊಟ್ಟಿ ಮುರಿಯುತ್ತಿದ್ದ. ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ, ಮನೆಯಲ್ಲಿ ಊಟವಿದ್ದಾಗ, ಆ ಮೊಬೈಲು ಅವನ ಕೈ ಬಿಡುತ್ತಿರಲಿಲ್ಲ. ಊರ ವಾಟ್ಸಾಪು ಇರಬೇಕೆಂದು ನೀಲಾಂಬಿಕೆಯ ಅಂದಾಜು. ಆಕೆಯದೂ ಅದೇ ಇರಬೇಕೆಂದು ಅವನ ಅಂದಾಜು.

"ನಾಳೆ ಚಪಾತಿ ಮಾಡತೀಯೇನ?" ಎಂದ, ಇದ್ದಕ್ಕಿದ್ದಂತೆ.

ನೀಲಾಂಬಿಕೆ ಪಲ್ಯದ ಸೌಟನ್ನು ಗಾಳಿಯಲ್ಲೇ ಹಿಡಿದಳು. ಈ ಮನೆಯಲ್ಲಿ ಅಡುಗೆಯ ಬಗ್ಗೆ ಪ್ರಶ್ನೆ ಎಂಬುದೇ ಹೊಸದು. "ಯಾಕ್ರಿ? ರೊಟ್ಟಿ ಬ್ಯಾಸರಾತೇನು?"

"ಏ ಹಂಗಲ್ಲ, ಸುಮ್ನ. ದುಂಡಗ ಆಗಬೇಕ ನೋಡು. ಭಾಳ ದುಂಡಗ."

"ನಾ ಮಾಡಿದ ಚಪಾತಿ ಯಾವಾಗ ಚೌಕ ಇದ್ದೂ?"

"ಚೌಕ ಇದ್ರೂ ತಿಂತಾನ, ಮೂಲಿ ಇದ್ರೂ ತಿಂತಾನ ಅಂವ" ಎಂದಳು ಗುರುಸಿದ್ಧವ್ವ, ಅನ್ನಕ್ಕೆ ಮಜ್ಜಿಗೆ ಕಲಸುತ್ತ. "ಬಾಯಿ ತಾಟಿನ್ಯಾಗ, ಜೀವ ಮೊಬೈಲಿನ್ಯಾಗ. ಅವರಪ್ಪ ಪೇಪರ್ ಓದ್ಕೊಂತ ಉಣ್ಣಾಂವ. ಒಮ್ಮಿ ಪೇಪರ್ ತುಂಡ ಹರದ ತಿಂದಾನ, ಉಪ್ಪ ಕಮ್ಮಿ ಐತಿ ಅಂದ."

ಮಾರನೆಯ ದಿನ ನೀಲಾಂಬಿಕೆ ಹಿಟ್ಟನ್ನು ಹಾಲು ಹಾಕಿ ನಾದಿದಳು. ಒದ್ದೆ ಬಟ್ಟೆ ಮುಚ್ಚಿ ಮಲಗಿಸಿದಳು. ಲಟ್ಟಿಸಿದಳು. ಕೈವಾರ ಇಟ್ಟು ಎಳೆದಂತೆ ದುಂಡಗೆ, ಹೊಟ್ಟೆ ಉಬ್ಬಿಸಿಕೊಂಡು ಎದ್ದ ಆ ಚಪಾತಿಯನ್ನು, ದಿನದ ತಾಟಿನಲ್ಲಿ ಬೇಡವೆಂದು, ಮೇಲಿನ ಮಾಡದಿಂದ ಅಗಲದ ಸ್ಟೀಲಿನ ತಟ್ಟೆಯೊಂದನ್ನು ಇಳಿಸಿ, ಅದರ ನಡುವೆ ಇಟ್ಟು ಗಂಡನ ಮುಂದೆ ತಂದಳು. ಶಿವಪುತ್ರಪ್ಪ ಕೈ ಹಾಕಲಿಲ್ಲ. ಮೊಬೈಲನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಮೊಣಕಾಲೂರಿ, ಚಪಾತಿಯ ಫೋಟೋ ತೆಗೆದ. ಮತ್ತೊಂದು ತೆಗೆದ.

"ಛಲೋ ಬಂದಾವ" ಎಂದ.

ಅಷ್ಟೇ. ಆದರೆ ಆ ಎರಡು ಮಾತನ್ನು ನೀಲಾಂಬಿಕೆ ಪಾತ್ರೆ ತೊಳೆಯುವಾಗಲೂ, ಹಾಸಿಗೆ ಹಾಸುವಾಗಲೂ, ಮಾರನೆಯ ಬೆಳಗ್ಗೆ ನಳದ ಮುಂದೆ ಕೊಡ ಹಿಡಿದು ನಿಂತಾಗಲೂ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡವಳಂತೆ ಮುಟ್ಟಿ ಮುಟ್ಟಿ ನೋಡಿಕೊಂಡಳು.

ಮಧ್ಯಾಹ್ನ ಮೊಬೈಲು ಟಿಂಗ್ ಎಂದಿತು. ರಣಭೈರವನ ಬ್ರಹ್ಮಾಸ್ತ್ರ ಬಂದಿತ್ತು.

"ನೋಡಿರಿ ವೀರಾಧಿವೀರರೇ! ನಿನ್ನೆ ಈ ರಣಭೈರವನು ಸ್ವಹಸ್ತದಿಂದ ನಾದಿ, ಸ್ವಹಸ್ತದಿಂದ ಲಟ್ಟಿಸಿದ ಚಪಾತಿ! ಆಟದ ವಸ್ತುವಿಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿದ್ದರೆ ನನ್ನ ಮೀಸೆ ಬೋಳಿಸಿಕೊಳ್ಳುವೆ!"

ಕೆಳಗೆ ಫೋಟೋ. ಅದರ ಕೆಳಗಿನ ಖಾನೆಯಲ್ಲಿ: ಕೃತಿಕಾರರು — ಸ್ವಂತ ಕೃತಿ.

ನೀಲಾಂಬಿಕೆ ಮೊದಲು ಚಪಾತಿಯನ್ನು ನೋಡಿದಳು. ಒಳ್ಳೆಯ ಚಪಾತಿ, ಬಲ್ಲ ಕೈಯ ಕೆಲಸ, ಎಂದು ವೈರಿಯನ್ನೂ ಮೆಚ್ಚಿದಳು. ಆಮೇಲೆ ತಟ್ಟೆಯನ್ನು ನೋಡಿದಳು. ಫೋಟೋವನ್ನು ಸರಿಯಾಗಿ ಕತ್ತರಿಸದೆ, ಅಂಚನ್ನೆಲ್ಲ ಹಾಗೇ ಬಿಟ್ಟಿದ್ದಾನಲ್ಲ, ನಿಯಮಭಂಗ, ಎಂದುಕೊಂಡು ಎರಡು ಬೆರಳಿನಿಂದ ಅಂಚನ್ನು ದೊಡ್ಡದು ಮಾಡಿದಳು. ಸ್ಟೀಲಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು. ಪಾತ್ರೆ ಅಂಗಡಿಯವನು ಮದುವೆಯ ಉಡುಗೊರೆಗಳ ಮೇಲೆ ಮಿಶಿನ್ನಿನಿಂದ ಕೊರೆದು ಕೊಡುತ್ತಾನಲ್ಲ, ಅವು.

'ಚಿ. ಸೌ. ನೀಲಾಂಬಿಕಾಗೆ, ಸೋದರಮಾವನಿಂದ.'

ಓದುಗರೇ, ಇಲ್ಲಿ ಈ ಕಥೆಗಾರ್ತಿಯ ಶಂಖ ತುಸು ಸುಮ್ಮನಾಗಲಿ. ನೀಲಾಂಬಿಕೆ ಅಡುಗೆಮನೆಯ ಮಣೆಯ ಮೇಲೆ ಕೂತಳು. ಮೊದಲು ನಗು ಬಂತು. ನಕ್ಕಳು, ಬಾಯಿಗೆ ಸೆರಗು ಒತ್ತಿಕೊಂಡು, ಪಡಸಾಲೆಯ ಅತ್ತೆಗೆ ಕೇಳದಂತೆ. ಏಳು ಸುತ್ತಿನ ಕೋಟೆಗಳನ್ನು ಅಂಗೈಯಲ್ಲಿ ಹಿಡಿದವನು! ಚಾ ಕುಡಿದ ಕಪ್ಪನ್ನು ಕೂತಲ್ಲೇ ಬಿಡುವವನು! ಕಳೆದ ತಿಂಗಳು ಒಂದು ಸಂಜೆ, ಉತ್ತರ ದಿಕ್ಕಿನ ಬುರುಜಿನ ಬಗ್ಗೆ, 'ಗೆಳೆಯರೇ, ತಮ್ಮ ಅಭಿಪ್ರಾಯವೇನು? ತಾವು ಹೇಳದೆ ನಾನು ಒಂದು ಕಲ್ಲನ್ನೂ ಇಡಲಾರೆ' ಎಂದು ಇದೇ ರಣಭೈರವ ವಜ್ರಬಾಹುವನ್ನು ಕೇಳಿದ್ದ. ಕೈಯಲ್ಲಿ ಹಪ್ಪಳದ ಹಿಟ್ಟಿದ್ದುದರಿಂದ ಉತ್ತರ ಬರೆಯಲು ಆಕೆ ತಡ ಮಾಡಿದ್ದಳು. ಅಂದು ಸಂಜೆಯಿಡೀ ಗಂಡ ಪಡಸಾಲೆಯಲ್ಲಿ ಕೂತಲ್ಲಿ ಕೂರದೆ ಚಡಪಡಿಸಿದ್ದ. ವಾಯುವಾಗಿರಬೇಕೆಂದು ಆಕೆ ಅಜವಾನದ ನೀರು ಕಾಸಿ ಕೊಟ್ಟಿದ್ದಳು.

ಆಮೇಲೆ ನಗು ನಿಂತಿತು. ತನ್ನ ಅಭಿಪ್ರಾಯಕ್ಕಾಗಿ ಆ ಮನುಷ್ಯ ಚಡಪಡಿಸಿದ್ದ. ಇಷ್ಟು ವರ್ಷಗಳಲ್ಲಿ ಮನೆಗೆ ಬಣ್ಣ ಯಾವುದು, ಮಗಳಿಗೆ ವರ ಯಾರು, ಅಂಗಡಿ ಎಲ್ಲಿ ಎಂದು ಒಮ್ಮೆಯೂ ಕೇಳದವನು, ಒಂದು ಆಟದ ಬುರುಜಿಗಾಗಿ ಆಕೆಯ ಮಾತಿಗೆ ಕಾದು ಕೂತಿದ್ದ. ಆಕೆ ಎಂದು ಗೊತ್ತಿಲ್ಲದ್ದರಿಂದ ಕಾದಿದ್ದ. ಆಕೆ ಎದ್ದು ನೀರು ಕುಡಿದಳು.

'ಛಲೋ ಬಂದಾವ' ಎಂಬ ಮಾತನ್ನು ಸೆರಗಿನ ಗಂಟಿನಿಂದ ಬಿಚ್ಚಿ ನೋಡಿದಳು. ಅದು ಫೋಟೋಗೆ ಹೇಳಿದ್ದು.

ಈಗ ವಜ್ರಬಾಹುವಿನ ಕೈಯಲ್ಲಿ ವೈರಿಯ ಪ್ರಾಣವಿತ್ತು. ಒಂದು ಸಾಲು ಸಾಕು. 'ಎಲೈ ರಣಭೈರವನೇ, ಸ್ವಹಸ್ತದಿಂದ ಲಟ್ಟಿಸಿದ ಶೂರನೇ, ನಿನ್ನ ತಟ್ಟೆಯ ಅಂಚಿನಲ್ಲಿರುವ ಹೆಸರು ಯಾರದು?' ಬೆರಳು ಅದನ್ನು ಬರೆದೂ ಬಿಟ್ಟಿತು. ಕಳುಹಿಸುವ ಗುಂಡಿಯ ಮೇಲೆ ನಿಂತಿತು. ಎರಡೂ ಪಡೆಗಳು ಹೋ ಎಂದು ನಗುತ್ತವೆ, ಅವನ ಮೀಸೆ ಹೋಗುತ್ತದೆ, ತನಗೆ ಚಿತ್ರಪಾಲ ಪದವಿ ಬರುತ್ತದೆ. ಆಮೇಲೆ ಅವನು ಮನೆಗೆ ಬರುತ್ತಾನೆ. ಆಮೇಲೆ ವಜ್ರಬಾಹು ಇರುವುದಿಲ್ಲ. ಮೊಬೈಲಿನಲ್ಲಿ ಆಟವಾಡುವ ನೀಲಾ ಇರುತ್ತಾಳೆ.

ಆಕೆ ಆ ಸಾಲನ್ನು ಅಕ್ಷರ ಅಕ್ಷರವಾಗಿ ಅಳಿಸಿದಳು. ದೊಡ್ಡಾಟದ ವೇಷವಿಲ್ಲದೆ, ನಿಯಮ ಕಾಯುವವರು ಬರೆಯುವಂತೆ ಬರೆದಳು: "ಗೆಳೆಯರೇ, ಕೃತಿಕಾರರ ಖಾನೆಯನ್ನು ಇನ್ನೊಮ್ಮೆ ನೋಡಿ. ಈ ಚಪಾತಿ ನಿಜವಾಗಿಯೂ ನಿಮ್ಮ ಸ್ವಂತ ಕೃತಿಯೇ?"

ಉತ್ತರ ಬರಲು ತಡವಾಯಿತು. ಜೆರಾಕ್ಸ್ ಅಂಗಡಿಯಲ್ಲಿ ಆಧಾರ್ ಕಾರ್ಡಿನ ಪ್ರತಿ ತೆಗೆಸಲು ಯಾರೋ ಬಂದಿರಬಹುದು. ಇಲ್ಲವೇ ರಣಭೈರವನಲ್ಲೂ ಒಂದು ಕಡೆ ಪ್ರಾಮಾಣಿಕತೆ ಇದ್ದು, ಅದು ಹೊರಬರಲು ದಾರಿ ಹುಡುಕುತ್ತಿರಬಹುದು. ಇದ್ದದ್ದು ಎರಡನೆಯದೇ ಎಂದು ಆಮೇಲೆ ತಿಳಿಯಿತು.

"ಕ್ಷಮಿಸಿ ವಜ್ರಬಾಹುಗಳೇ. ತಮ್ಮಂಥ ಧರ್ಮಿಷ್ಠರ ಮುಂದೆ ಸುಳ್ಳು ನಿಲ್ಲದು. ಮಾಡಿದ್ದು ಮನೆಯವರು. ಖಾನೆ ತಿದ್ದಿದ್ದೇನೆ."

ತಿದ್ದಿದ್ದ. ಕೃತಿಕಾರರು — ಮನೆಯವರು.

ನೀಲಾಂಬಿಕೆ ಬರೆದಳು: "ನಿಯಮದ ಪ್ರಕಾರ ಹೆಸರು ಬೇಕು."

ಈ ಸಲ ಉತ್ತರ ತಟ್ಟನೆ ಬಂತು. "ಅವರ ಹೆಸರೆಲ್ಲ ಯಾಕೆ ಸರ್? ಮನೆಯವರು ಅಂದರೆ ಸಾಕಲ್ಲ. ಚಪಾತಿಗೆ ಯಾರಾದರೂ ಹೆಸರು ಹಾಕುತ್ತಾರೆಯೇ? ಹ್ಹ ಹ್ಹ."

ಮದುವೆಯ ದಿನ ಹೊಸ್ತಿಲಲ್ಲಿ ಹೆಂಗಸರೆಲ್ಲ ಅಡ್ಡಗಟ್ಟಿ, ಒಡಪು ಹಾಕಿ ಒಬ್ಬರು ಇನ್ನೊಬ್ಬರ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತೇವೆ ಎಂದಿದ್ದರು. ನೀಲಾಂಬಿಕೆ ನಾಚಿಕೊಂಡೇ, ಪ್ರಾಸ ಕಟ್ಟಿ, ಶಿವಪುತ್ರಪ್ಪ ಎಂಬ ಅಷ್ಟುದ್ದದ ಹೆಸರನ್ನು ಅದರೊಳಗೆ ಕೂಡಿಸಿ ಹೇಳಿದ್ದಳು. ಗಂಡಿನ ಸರದಿ ಬಂದಾಗ ಅವನು "ಏ, ಹೋಗ್ರಿ" ಎಂದು ನಕ್ಕು ಎಲ್ಲರ ನಡುವೆ ನುಸುಳಿ ಒಳಗೆ ಹೋಗಿದ್ದ. ಎಲ್ಲರೂ ನಕ್ಕಿದ್ದರು. ಆಕೆಯೂ ನಕ್ಕಿದ್ದಳು. ಆಮೇಲೆ ಆಕೆ 'ಏ', ಆಮೇಲೆ 'ಇಕಿ', ಸಿಟ್ಟಿದ್ದಾಗ 'ನಿಮ್ಮವ್ವ' ಎಂದು ಮಗಳಿಗೆ ಹೇಳುವ ಮಾತು, ಬೀಗರ ಮುಂದೆ 'ನಮ್ಮ ಮನಿಯಾಕಿ'. ತಮಾಷೆಯೆಂದರೆ, ಹೆಸರಿಲ್ಲದ ವಸ್ತುವಿಗೆ ಹೆಸರಿಡಬೇಕೆಂದು ಇಬ್ಬರೂ ವಾರದಿಂದ ಹೊಡೆದಾಡುತ್ತಿದ್ದರು.

ಮಹಾಜನರೇ, ಶಂಖವನ್ನು ಮತ್ತೆ ಎತ್ತೋಣ, ಏಕೆಂದರೆ ಭಾನುವಾರ ಬಂತು! ಎರಡೂ ಪಡೆಗಳು ಉಸಿರು ಬಿಗಿಹಿಡಿದು ನಿಂತವು. ನೀರುದೋಸೆಯವನೂ ಮರೆಯಲ್ಲಿ ನಿಂತು ಇಣುಕಿದ. ರಣಭೈರವ ಗದೆ ಎತ್ತಿದ, ವಜ್ರಬಾಹು ಬಿಲ್ಲು ಬಾಗಿಸಿದ. ಇನ್ನೇನು ಬಾಣ ಬಿಡಬೇಕು, ಆಗ ಆಟ ಮಾಡಿದವರು ಅಕ್ಷರಗಳನ್ನು ಸರಿಪಡಿಸಿದ ಹೊಸ ಆವೃತ್ತಿಯನ್ನು ಬಿಟ್ಟರು. ಖಾಲಿ ಚೌಕಗಳಿದ್ದ ಜಾಗದಲ್ಲಿ ಕನ್ನಡದ ಮುದ್ದಾದ ಅಕ್ಷರಗಳು ಮೂಡಿದವು.

ತಂಬೂರಿ ಬರೆದಳು: "ಸರ್, ಇಬ್ರೂ ಆಟ ಅಪ್‌ಡೇಟ್ ಮಾಡ್ಕೊಂಡು ನೋಡಿ. ಅದು ಕುಳ್ಳಂತೆ. ಹಂಗಂದ್ರೇನು ಅಂತ ಅಜ್ಜಿನ ಕೇಳ್ದೆ. ಬೆರಣಿ ಕಣ್ರೀ, ಬೆರಣಿ! ಸಗಣೀದು! ಒಲೆ ಜೋರಾಗಿ ಉರೀಲಿ ಅಂತ ಇಟ್ಟಿದಾರೆ, ಅದಕ್ಕೇ ಅಡುಗೆ ಬೇಗ ಆಗ್ತಿತ್ತು. ನೀವಿಬ್ರೂ ಅದನ್ನ ಸೈನಿಕರಿಗೆ ತಿನ್ನಿಸ್ತಿದ್ರಲ್ಲಾ!"

ಎರಡೂ ಪಡೆಗಳು ಮೂಗು ಮುಚ್ಚಿಕೊಂಡವು. ಕೈಯಿಂದ ತಟ್ಟಿದ್ದು, ದುಂಡಗಿನದು, ಒಲೆಯ ಪಕ್ಕದ್ದು, ಮೈಮೇಲೆ ಬೆರಳಿನ ಗುರುತಿನದು. ವಜ್ರಬಾಹುವಿನ ತರ್ಕದಲ್ಲಿ ಒಂದೂ ಲೋಪವಿರಲಿಲ್ಲ, ಹೆಸರೊಂದು ತಪ್ಪಿತ್ತು. ಕೈಯಾರೆ ಎಷ್ಟೋ ರೊಟ್ಟಿ ಬಡಿದ ನೀಲಾಂಬಿಕೆ ಸಗಣಿಗಾಗಿ ಯುದ್ಧ ಮಾಡಿದ್ದಳು. ಮೊದಲ ದಿನವೇ ಅದನ್ನು ಕುಳ್ಳೆಂದಿದ್ದ ಗುರುಸಿದ್ಧವ್ವ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದಳು. ಸೊಸೆ ಆ ಕಡೆ ನೋಡಲಿಲ್ಲ.

ರೊಟ್ಟಿ, ಚಪಾತಿ, ಎರಡೂ ಹೆಸರು ಬಿದ್ದವು. ಗೆದ್ದವರಿಲ್ಲದ ಕಾಳಗದಲ್ಲಿ ಪದವಿ ಯಾರಿಗೆ? ತಂಬೂರಿ ಬಾಯಿ ತೆರೆಯುವ ಮುನ್ನವೇ ರಣಭೈರವ ಆಯುಧಗಳನ್ನು ಕೆಳಗಿಟ್ಟು ಮುಂದೆ ಬಂದ.

"ನಿರ್ವಾಹಕರೇ, ವಜ್ರಬಾಹುಗಳನ್ನೇ ಚಿತ್ರಪಾಲರನ್ನಾಗಿ ಮಾಡಿ. ಸೋತರೂ ನ್ಯಾಯ ಬಿಡದವರು, ತಪ್ಪನ್ನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡದೆ ಮೆತ್ತಗೆ ಹೇಳುವವರು. ಇವರ ಜೊತೆ ಮಾತಾಡಿದ ದಿನ ನನ್ನ ದಿನ ಚೆನ್ನಾಗಿರುತ್ತದೆ. ಇಂಥ ತಿಳಿವಳಿಕೆಯವರು ನನಗೆ ಹತ್ತಿರದಲ್ಲಿ ಯಾರೂ ಇಲ್ಲ."

ಹತ್ತಿರದಲ್ಲಿ ಯಾರೂ ಇಲ್ಲ ಎಂದು ಬರೆದವನು ಪಡಸಾಲೆಯ ಕುರ್ಚಿಯಲ್ಲೇ ಕೂತಿದ್ದ. ಭಾನುವಾರ ಅಂಗಡಿಗೆ ರಜೆ. ಅಡುಗೆಮನೆಯ ಬಾಗಿಲಿನಿಂದ ಅವನ ಬಕ್ಕತಲೆಯ ಹಿಂಭಾಗ ಆಕೆಗೆ ಕಾಣುತ್ತಿತ್ತು.

ಹೀಗೆ ಚಿತ್ರಪಾಲ ಪದವಿ ಸಂದಿತು. ದುಂದುಭಿಗಳು ಮೊಳಗಲಿಲ್ಲ, ಕುಕ್ಕರು ಸೀಟಿ ಹೊಡೆಯಿತು. ಅಧಿಕಾರ ಬಂದೊಡನೆ ಚಿತ್ರಪಾಲರು ಮಾಡಿದ ಮೊದಲ ಕೆಲಸ, ಕಾಳಗ ಮುಗಿದ ಮೇಲೆ ಯಾವ ಪುಟಕ್ಕೂ ಬೇಡವಾಗಿ ಅನಾಥವಾಗಿದ್ದ ಆ ಚಪಾತಿಯ ಫೋಟೋವನ್ನು ತೆರೆದದ್ದು. 'ಅಳಿಸಲು ಕಾರಣ' ಎಂದು ವಿಕಿ ಕೇಳಿತು. ನೀಲಾಂಬಿಕೆ ಬರೆದಳು: 'ಕೃತಿಕಾರರ ಹೆಸರಿಲ್ಲ.' ಗುಂಡಿ ಒತ್ತಿದಳು. ದುಂಡಗಿನ ಚಪಾತಿ, ಅಂಚಿನ ಅಕ್ಷರಗಳ ಸಮೇತ, ಇಲ್ಲವಾಯಿತು.

ಪಡಸಾಲೆಯಲ್ಲಿ ಟಿಂಗ್ ಎಂದಿತು. ಶಿವಪುತ್ರಪ್ಪ ಓದಿ, ತಲೆ ತೂಗಿ, "ಖರೇ ಐತಿ" ಎಂದು ತನಗೆ ತಾನೇ ಹೇಳಿಕೊಂಡ.

"ಏನ ಖರೇ?" ಎಂದಳು ಗುರುಸಿದ್ಧವ್ವ.

"ಏನಿಲ್ಲಬೇ. ಒಬ್ರು ದೊಡ್ಡ ಮನಷ್ಯಾರದಾರ."

"ಯಾವೂರಾಂವ?"

"ಗೊತ್ತಿಲ್ಲ. ದೂರ ಇರಬೇಕು."

ಊಟದ ಹೊತ್ತಾಯಿತು. ಆಕೆ ಮೇಲಿನ ಮಾಡಕ್ಕೆ ಕೈ ಚಾಚಿ, ಸೋದರಮಾವ ಕೊಟ್ಟ ಅಗಲದ ತಟ್ಟೆಯನ್ನು ಮತ್ತೆ ಇಳಿಸಿದಳು. ದಿನದ ತಾಟನ್ನು ಎತ್ತಿ ಆ ಜಾಗದಲ್ಲಿಟ್ಟಳು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಎಲ್ಲವನ್ನೂ ಬಡಿಸಿ ಗಂಡನ ಮುಂದಿಟ್ಟು, ಚುಕ್ಕಿ ಅಕ್ಷರಗಳ ಅಂಚು ಅವನ ಕಡೆಗೆ ಬರುವಂತೆ ತಿರುಗಿಸಿದಳು. ಇವತ್ತು ಹೀಗೆ. ನಾಳೆಯೂ ಹೀಗೆ. ಅವನು ಓದುವವರೆಗೆ ಪ್ರತಿ ಊಟಕ್ಕೂ ಇದೇ ತಟ್ಟೆ. ಅಲ್ಲಿಯವರೆಗೆ ವಜ್ರಬಾಹು ಯಾರೆಂಬುದು ಅವನಿಗೆ ಬೇಡ. ಮನಸ್ಸಿನಲ್ಲೇ ಇಷ್ಟನ್ನು ಗೊತ್ತುಮಾಡಿಕೊಂಡಳು. ಅತ್ತೆಗೆ ಹೇಳಲಿಲ್ಲ, ಮಗಳಿಗೆ ಹೇಳುವುದಿಲ್ಲ, ತಂಬೂರಿಗಂತೂ ಇಲ್ಲವೇ ಇಲ್ಲ.

ಶಿವಪುತ್ರಪ್ಪ ಎಡಗೈಯಲ್ಲಿ ಮೊಬೈಲು ಹಿಡಿದೇ, ಹಿಂಡಿ ಕೈಗೆ ಹತ್ತಿರವಾಗಲೆಂದು ತಟ್ಟೆಯನ್ನು ಸರ್ರನೆ ತಿರುಗಿಸಿದ. ಹೆಸರು ಆಚೆ ಬದಿಗೆ ಹೋಯಿತು.

"ರೊಟ್ಟಿ ಹೆಂಗಾಗ್ಯಾವ್ರಿ?"

"ಹೂಂ."

ನೀಲಾಂಬಿಕೆ ಬಾಗಿ, ಒಂದು ಬೆರಳಿನಿಂದ ತಟ್ಟೆಯನ್ನು ಮತ್ತೆ ತಿರುಗಿಸಿಟ್ಟಳು.